ಓದುಗರ ಪ್ರಶ್ನೆ: ಹಾರುವ ಬಾಂಬರ್‌ನ ರೆಕ್ಕೆ ಮೇಲೆ ಹೋಗಿ ಬೆಂಕಿ ಆರಿಸಿ, ವಿಮಾನ ಉಳಿಸಿದವರು ಯಾರು?

ಹೆಸರು ನಾರ್ಮನ್ ಜಾಕ್ಸನ್. ಬ್ರಿಟಿಷ್ ವಾಯುಪಡೆಯ 106ನೇ ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಫ್ಲೈಟ್ ಇಂಜಿನಿಯರ್, ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದವರು. ಇಷ್ಟನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇದರ ಜೊತೆಗೇ ಹೇಳುತ್ತ ಬಂದ ಇನ್ನೊಂದು ಮಾತು ಮಾತ್ರ ಯಾರ ತಲೆಯಲ್ಲೂ ನಿಲ್ಲುತ್ತಿಲ್ಲ: ಬೆಂಕಿ ಆರಲಿಲ್ಲ, ವಿಮಾನ ಉಳಿಯಲಿಲ್ಲ.

1944ರ ಏಪ್ರಿಲ್ 26ರ ರಾತ್ರಿ, ಜರ್ಮನಿಯ ಶ್ವೈನ್‌ಫರ್ಟ್. ಬಾಂಬ್ ಹಾಕಿ ಮೇಲೇರುತ್ತಿದ್ದ ವಿಮಾನಕ್ಕೆ ಶತ್ರುವಿನ ಫೈಟರ್ ಗುಂಡು ಹೊಡೆಯಿತು. ಬಲ ರೆಕ್ಕೆಯ ಇಂಧನ ಟ್ಯಾಂಕಿನ ಹತ್ತಿರ ಬೆಂಕಿ ಹತ್ತಿಕೊಂಡಿತು. ಜಾಕ್ಸನ್ನರ ಕಾಲಿಗೂ ಭುಜಕ್ಕೂ ಚೂರುಗಳು ನಾಟಿದ್ದವು. ಅವರು ಬೆಂಕಿ ನಂದಿಸುವ ಸಿಲಿಂಡರನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿಕೊಂಡು, ಪೈಲಟ್‌ನ ತಲೆಯ ಮೇಲಿನ ಕಿಂಡಿಯಿಂದ ಹೊರಗೆ ಹತ್ತಿದರು. ಎತ್ತರ ಸುಮಾರು 20,000 ಅಡಿ, ವೇಗ ಗಂಟೆಗೆ 320 ಕಿಲೋಮೀಟರ್, ಜೊತೆಗೆ ಮರಗಟ್ಟಿಸುವ ಚಳಿ.

ಹತ್ತುವಾಗಲೇ ಅವರ ಪ್ಯಾರಾಚೂಟ್ ಕಾಕ್‌ಪಿಟ್ಟಿನೊಳಗೆ ಬಿಚ್ಚಿಕೊಂಡಿತು. 'ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೋದರಂತೆ' ಎನ್ನುತ್ತಾರಲ್ಲ, ಆ ಹಗ್ಗ ಇದೇ. ಪೈಲಟ್ ಮಿಫ್ಲಿನ್ ಮತ್ತು ಇನ್ನಿಬ್ಬರು ಪ್ಯಾರಾಚೂಟ್ ಬಟ್ಟೆಯನ್ನು ಬಾಚಿ ಹಿಡಿದು, ಅದರ ದಾರಗಳನ್ನು ಸ್ವಲ್ಪಸ್ವಲ್ಪವೇ ಸಡಿಲ ಬಿಡುತ್ತ ಹೋದರು. ಜಾಕ್ಸನ್ ಜಾರಿ ರೆಕ್ಕೆಯ ಮೇಲೆ ಬಿದ್ದರು. ರೆಕ್ಕೆಯ ಮುಂದಿನ ಅಂಚಿನಲ್ಲಿ ಗಾಳಿ ಒಳಹೋಗುವ ಬಾಯಿ ಕೈಗೆ ಸಿಕ್ಕಿತು, ಆದರೆ ಸಿಲಿಂಡರ್ ಕೈತಪ್ಪಿ ಹೋಯಿತು. ಬೆಂಕಿ ಹರಡಿ ಮುಖ, ಕೈ, ಬಟ್ಟೆ ಸುಟ್ಟವು. ಹಿಡಿತ ಬಿಟ್ಟು, ಜ್ವಾಲೆಯ ನಡುವೆಯೇ ಹಿಂದಕ್ಕೆ ಎಸೆಯಲ್ಪಟ್ಟರು. ಅಲ್ಲಲ್ಲಿ ಉರಿಯುತ್ತಿದ್ದ, ಅರೆಬರೆ ತುಂಬಿದ ಪ್ಯಾರಾಚೂಟಿನಲ್ಲಿ ನೆಲಕ್ಕೆ ಬಿದ್ದಾಗ ಕಾಲಿನ ಗಿಣ್ಣು ಮುರಿದಿತ್ತು. ಬೆಳಗಾದ ಮೇಲೆ ತೆವಳಿಕೊಂಡು ಹಳ್ಳಿ ಮುಟ್ಟಿ ಸೆರೆಯಾದರು. ಹತ್ತು ತಿಂಗಳು ಆಸ್ಪತ್ರೆ.

ವಿಮಾನ ಬಿತ್ತು. ಉಳಿದವರಲ್ಲಿ ನಾಲ್ವರು ಹಾರಿ ಬದುಕಿಕೊಂಡರು. ಮಿಫ್ಲಿನ್ ಮತ್ತು ಹಿಂಬದಿಯ ಗನ್ನರ್ ಬದುಕಲಿಲ್ಲ. 'ಬೆಂಕಿ ಆರಿಸಿದರು' ಎಂದು ಕಥೆ ಕಟ್ಟಿದಾಗ ಆ ಇಬ್ಬರ ಸಾವೂ ಅಳಿಸಿಹೋಗುತ್ತದೆ. ನನಗೆ ಸಹಿಸಲಾಗದ್ದು ಅದು. 1945ರ ಅಕ್ಟೋಬರ್ 26ರಂದು ಪ್ರಕಟವಾದ ಪ್ರಶಸ್ತಿ ಪತ್ರವೇ ಅವರ ಕೆಲಸವನ್ನು 'ಪ್ರಯತ್ನ' ಎಂದು ಕರೆಯುತ್ತದೆ. ಬೆಂಕಿ ಆರಿಸಿದ್ದರೂ ಅವರು ಮತ್ತೆ ಕಾಕ್‌ಪಿಟ್ ಸೇರುವ ಸಾಧ್ಯತೆ ಹೆಚ್ಚುಕಡಿಮೆ ಇರಲೇ ಇಲ್ಲವೆಂದೂ ಹೇಳುತ್ತದೆ. ಪದಕ ಕೊಟ್ಟವರು ಸೋಲನ್ನು ಮುಚ್ಚಿಡಲಿಲ್ಲ, ನಾವೇಕೆ ಮುಚ್ಚಿಡಬೇಕು?

ಅಂದಹಾಗೆ, ಏಳು ಜನರಲ್ಲಿ ಇಂಜಿನಿಯರೇ ಯಾಕೆ ಹೋದರು ಎಂದು ಯಾರೂ ಕೇಳುವುದಿಲ್ಲ. ಲ್ಯಾಂಕಾಸ್ಟರ್‌ನಲ್ಲಿ ಎರಡನೇ ಪೈಲಟ್ ಇರುತ್ತಿರಲಿಲ್ಲ. ಪೈಲಟ್‌ನ ಪಕ್ಕದಲ್ಲಿದ್ದು ನಾಲ್ಕು ಇಂಜಿನ್ನುಗಳನ್ನೂ ಟ್ಯಾಂಕುಗಳನ್ನೂ ನೋಡಿಕೊಳ್ಳುತ್ತಿದ್ದವರು ಫ್ಲೈಟ್ ಇಂಜಿನಿಯರ್. ಜಾಕ್ಸನ್ ಮೊದಲು ಪಶ್ಚಿಮ ಆಫ್ರಿಕದ ಫ್ರೀಟೌನಿನಲ್ಲಿ ಸಂಡರ್ಲೆಂಡ್ ವಿಮಾನಗಳ ಇಂಜಿನ್ ಫಿಟ್ಟರ್ ಆಗಿದ್ದವರು. ಆ ಟ್ಯಾಂಕಿನ ಪಕ್ಕದ ಬೆಂಕಿ ಏನು ಮಾಡಬಲ್ಲದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ಪಾಲಿನ 30 ದಾಳಿಗಳು ಆಗಲೇ ಮುಗಿದಿದ್ದವು. ತನ್ನ ತಂಡದ ಜೊತೆ ಇನ್ನೊಂದು ಸಲ ಹೋಗುತ್ತೇನೆಂದು ತಾವಾಗಿಯೇ ಹೊರಟಿದ್ದರು. ಗಂಡುಮಗು ಹುಟ್ಟಿದ ಸುದ್ದಿ ಆಗಷ್ಟೇ ಬಂದಿತ್ತು.