ಮರದ ಬಾಂಬರ್ ವಿಮಾನ ಮಳೆಗೆ ಬಿಚ್ಚಿಕೊಳ್ಳಲಿಲ್ಲವೇ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಮಸ್ಕಿಟೊ ವಿಮಾನವನ್ನು ಮರದಿಂದ ಮಾಡಿದ್ದರಂತೆ. ಎಲ್ಲರೂ ಅಲ್ಯೂಮಿನಿಯಂ ಬಳಸುತ್ತಿದ್ದಾಗ ಮರ ಯಾಕೆ? ನಮ್ಮ ಕಡೆಯ ಮಳೆಗಾಲದಲ್ಲಿ ಅದರ ಅಂಟು ಬಿಡಲಿಲ್ಲವೇ?

ಉತ್ತರ: ಬಿಟ್ಟಿತು, ಅದೂ ಭಾರತದಲ್ಲೇ. ಆದರೆ ಮಳೆಯ ತಲೆಗೆ ಕಟ್ಟಿದ ತಪ್ಪಿನಲ್ಲಿ ದೊಡ್ಡ ಪಾಲು ಇಂಗ್ಲೆಂಡಿನ ಕಾರ್ಖಾನೆಯದು. ಅದು ಅರ್ಥವಾಗಬೇಕಾದರೆ ಮೊದಲು ಈ ವಿಮಾನವನ್ನು ಹೇಗೆ ಕಟ್ಟುತ್ತಿದ್ದರು ಎಂದು ನೋಡಬೇಕು.

ಮರದ ಆಯ್ಕೆ ಬಡತನದ್ದಲ್ಲ, ಲೆಕ್ಕಾಚಾರದ್ದು. ಯುದ್ಧ ಶುರುವಾದರೆ ಅಲ್ಯೂಮಿನಿಯಂಗೂ ಲೋಹದ ಕೆಲಸಗಾರರಿಗೂ ಎಳೆದಾಟ ನಡೆಯುತ್ತದೆ, ಬಡಗಿಗಳು ಮಾತ್ರ ಕೈಕಟ್ಟಿ ಕೂರುತ್ತಾರೆ ಎಂಬುದು ಇದನ್ನು ರೂಪಿಸಿದ ಡಿ ಹ್ಯಾವಿಲೆಂಡ್ ಕಂಪನಿಯ ವಾದ. ಲಂಡನ್ನಿನ ಉತ್ತರಕ್ಕಿರುವ ಸಾಲ್ಸ್‌ಬರಿ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ಆರ್. ಇ. ಬಿಷಪ್ ಅವರ ತಂಡ ನಕ್ಷೆಗೆ ಕೂತಿತು. ವಿವರವಾದ ವಿನ್ಯಾಸ ಶುರುವಾದ ಸುಮಾರು 11 ತಿಂಗಳಲ್ಲಿ, 1940ರ ನವೆಂಬರ್ 25ರಂದು, ಮೊದಲ ವಿಮಾನ ಹ್ಯಾಟ್‌ಫೀಲ್ಡ್‌ನಿಂದ ಹಾರಿತು. ಲೋಹದ ವಿಮಾನಕ್ಕೆ ಅಚ್ಚು, ಡೈ, ಪ್ರೆಸ್ಸು ಎಲ್ಲ ಸಿದ್ಧವಾಗಬೇಕು. ಮರಕ್ಕೆ ಅಷ್ಟು ಪರಿವಾರ ಬೇಡ, ಹಾಗಾಗಿ ಈ ವೇಗ ಸಾಧ್ಯವಾಯಿತು. ಮುಂದೆ ಹೈ ವಿಕೂಂಬ್ ಊರಿನ ಕುರ್ಚಿ-ಮೇಜು ಮಾಡುವವರೂ ಇದರ ಬಿಡಿಭಾಗ ಮಾಡಿಕೊಟ್ಟರು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಟ್ಟಿದ್ದೂ ಸೇರಿ ಒಟ್ಟು 7,781 ಮಸ್ಕಿಟೊಗಳು ತಯಾರಾದವು.

ಇದರ ಒಡಲಿಗೆ ಅಸ್ಥಿಪಂಜರವೇ ಇಲ್ಲದಷ್ಟು ಕಡಿಮೆ: ಏಳು ಅಡ್ಡಗೋಡೆ, ಉಳಿದದ್ದೆಲ್ಲ ಚಿಪ್ಪು. ಚಿಪ್ಪಿನ ಒಳಗೂ ಹೊರಗೂ ಎರಡು ಮಿಲಿಮೀಟರ್ ಆಸುಪಾಸಿನ ಬರ್ಚ್ ಪ್ಲೈವುಡ್, ನಡುವೆ ಸುಮಾರು 11 ಮಿ.ಮೀ. ದಪ್ಪದ ಬಾಲ್ಸಾ. ಈಕ್ವೆಡಾರ್‌ನಿಂದ ಬರುತ್ತಿದ್ದ ಬಾಲ್ಸಾ ಬೆಂಡಿನಂತೆ ಹಗುರ, ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ಅಷ್ಟು ಮೆದು ಮರಕ್ಕೆ ಅಲ್ಲೇನು ಕೆಲಸ ಎನ್ನಬಹುದು. ರಟ್ಟಿನ ಪೆಟ್ಟಿಗೆಯನ್ನು ನೆನೆಸಿಕೊಳ್ಳಿ. ಎರಡು ತೆಳು ಕಾಗದದ ನಡುವೆ ಸುಕ್ಕು ಕಾಗದ ಸೇರಿದ ಕೂಡಲೇ ಅದು ಬಾಗದಷ್ಟು ಬಿಗಿಯಾಗುತ್ತದೆ. ಬಾಲ್ಸಾದ ಕೆಲಸ ಭಾರ ಹೊರುವುದಲ್ಲ, ಎರಡು ಪ್ಲೈಗಳನ್ನು ಒಂದಕ್ಕೊಂದು ದೂರದಲ್ಲಿ ಹಿಡಿದಿಡುವುದು.

ಒಡಲನ್ನು ಎಡ ಅರ್ಧ, ಬಲ ಅರ್ಧ ಎಂದು ಎರಡು ಹೋಳಾಗಿ ಮಾಡುತ್ತಿದ್ದರು. ಮಹಾಗನಿ ಅಥವಾ ಕಾಂಕ್ರೀಟಿನ ಅಚ್ಚಿನ ಮೇಲೆ ಒಳಪ್ಲೈ ಹಾಸಿ, ಅಂಟು ಸವರಿ, ಬಾಲ್ಸಾ ಕೂರಿಸಿ, ಹೊರಪ್ಲೈ ಹೊದಿಸಿ, ಅಂಟು ಗಟ್ಟಿಯಾಗುವವರೆಗೆ ಪಟ್ಟಿಗಳಿಂದ ಬಿಗಿದು ಬಿಡುವುದು. ಅರ್ಧಗಳು ಬೇರೆಬೇರೆಯಾಗಿದ್ದಾಗಲೇ ವೈರು, ಪೈಪು, ಕಂಟ್ರೋಲುಗಳನ್ನು ಒಳಗೆ ಜೋಡಿಸಿ ಮುಗಿಸುತ್ತಿದ್ದರು. ಲೋಹದ ವಿಮಾನದ ಬಾಲದೊಳಗೆ ಟಾರ್ಚು ಕಚ್ಚಿಕೊಂಡು ತೆವಳಿದವರಿಗೆ ಇದು ಎಷ್ಟು ದೊಡ್ಡ ಸುಖವೆಂದು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಎರಡು ಹೋಳನ್ನೂ ಕೂಡಿಸಿ ಅಂಟಿಸಿ, ಮೇಲೆ ಮದಪೋಲಂ ಎಂಬ ತೆಳು ಹತ್ತಿಬಟ್ಟೆ ಹೊದಿಸಿ, ಬಟ್ಟೆಯನ್ನು ಬಿಗಿ ಮಾಡುವ ಡೋಪ್ ಎಂಬ ಲೇಪ ಬಳಿಯುತ್ತಿದ್ದರು. (ಆ ಬಟ್ಟೆಯ ಹೆಸರು ಗೋದಾವರಿ ಸೀಮೆಯ ನರಸಾಪುರದ ಬಳಿಯ ಒಂದು ಊರಿನದು. ಈಸ್ಟ್ ಇಂಡಿಯಾ ಕಂಪನಿಯ ಬಟ್ಟೆ ವ್ಯಾಪಾರದ ಪಳೆಯುಳಿಕೆ.) ರಿವೆಟ್ಟಿನ ತಲೆಯಾಗಲಿ ತಗಡಿನ ಅಂಚಾಗಲಿ ಇಲ್ಲದ ನುಣುಪು ಮೈ ಗಾಳಿಯನ್ನು ಸಲೀಸಾಗಿ ಸೀಳುತ್ತಿತ್ತು.

ಆ ನುಣುಪಿನ ಮೇಲೆಯೇ ಈ ವಿಮಾನದ ಯುದ್ಧನೀತಿ ನಿಂತಿತ್ತು. ಬಾಂಬರ್ ಮಾದರಿಯಲ್ಲಿ ಆತ್ಮರಕ್ಷಣೆಗೆ ಒಂದೂ ಬಂದೂಕಿಲ್ಲ. ಇಬ್ಬರೇ ಸಿಬ್ಬಂದಿ, ಎರಡು ಮರ್ಲಿನ್ ಎಂಜಿನ್, ಮತ್ತು ಓಟ. 1941ರ ಪರೀಕ್ಷೆಯಲ್ಲಿ ಮೊದಲ ಮಾದರಿ ಗಂಟೆಗೆ 624 ಕಿ.ಮೀ. ಮುಟ್ಟಿ ಬ್ರಿಟಿಷರದೇ ಆಗಿನ ಸ್ಪಿಟ್‌ಫೈರ್ ಫೈಟರ್ ವಿಮಾನವನ್ನೂ ಹಿಂದಿಕ್ಕಿತು. 250 ಪೌಂಡಿನ ನಾಲ್ಕು ಬಾಂಬಿಗೆಂದು ಮಾಡಿದ ಜಾಗದಲ್ಲಿ, ಬಾಂಬಿನ ಬಾಲದ ರೆಕ್ಕೆಯನ್ನು ಗಿಡ್ಡ ಮಾಡಿ 500 ಪೌಂಡಿನ ನಾಲ್ಕನ್ನು ತೂರಿಸಿದರು. ಕೊನೆಗೆ 4,000 ಪೌಂಡಿನ ಒಂಟಿ ಬಾಂಬನ್ನೂ ಹೊರಿಸಿದರು. ಮರವಾದ್ದರಿಂದ ರೇಡಾರಿಗೆ ಕಾಣುತ್ತಿರಲಿಲ್ಲ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ: ಎರಡು ಎಂಜಿನ್ನೂ ಪ್ರೊಪೆಲ್ಲರುಗಳೂ ಅಪ್ಪಟ ಲೋಹ.

ಇನ್ನು ರೆಕ್ಕೆ. ತೊಂದರೆ ಹುಟ್ಟಿದ್ದು ಇಲ್ಲಿ. ಈ ತುದಿಯಿಂದ ಆ ತುದಿಗೆ 16.5 ಮೀಟರಿನ ಒಂದೇ ತುಂಡು. ಒಳಗೆ ಪೆಟ್ಟಿಗೆಯಾಕಾರದ ಎರಡು ಉದ್ದ ತೊಲೆ. ತೊಲೆಯ ಮೇಲಂಚು ಕೆಳಂಚು ಪದರ ಪದರವಾಗಿ ಅಂಟಿಸಿದ ಸ್ಪ್ರೂಸ್ ಮರ, ಪಕ್ಕದ ಗೋಡೆ ಪ್ಲೈವುಡ್. ಹಾರಾಟದಲ್ಲಿ ರೆಕ್ಕೆ ಮೇಲಕ್ಕೆ ಬಾಗುವುದರಿಂದ ಹೆಚ್ಚಿನ ಒತ್ತಡ ಬೀಳುವುದು ಮೇಲ್ಮೈಗೆ, ಆದ್ದರಿಂದ ಅಲ್ಲಿ ಎರಡು ಪದರ ಪ್ಲೈ. ಈ ಹೊದಿಕೆ ತೊಲೆಗೆ ಅಂಟಿಕೊಂಡಿರುವುದು ಅಂಟಿನಿಂದ, ಜೊತೆಗೆ ಸಣ್ಣ ಹಿತ್ತಾಳೆ ಸ್ಕ್ರೂಗಳು.

ಮೊದಮೊದಲು ಬಳಸಿದ್ದು ಕೇಸಿನ್ ಅಂಟು. ಹಾಲೊಡೆದಾಗ ಗಟ್ಟಿಯಾಗಿ ಉಳಿಯುವ ಭಾಗದಿಂದ ಮಾಡುವಂಥದ್ದು. ಒಣಗಿದ್ದಾಗ ಭದ್ರ. ತೇವ ನಿಂತರೆ ಮೆದುವಾಗುತ್ತದೆ, ಬೂಷ್ಟು ಅದನ್ನು ತಿನ್ನುತ್ತದೆ. ಇದು ಗೊತ್ತಿದ್ದೇ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾದರು. ಒಂದು ಮೈಗೆ ರಾಳ, ಎದುರು ಮೈಗೆ ಗಟ್ಟಿಕಾರಕ ಬಳಿದು ಒತ್ತಿ ಹಿಡಿಯುವ ಕ್ರಮ. ಬೂಷ್ಟಿಗೆ ಇದು ಜಗ್ಗುವುದಿಲ್ಲ. ಆದರೆ ಸಂದು ಕೂದಲೆಳೆಯಷ್ಟು ತೆಳುವಾಗಿರಬೇಕು. ಮರ ಸರಿಯಾಗಿ ಕೂರದೆ ನಡುವೆ ಎಡೆ ಉಳಿದು, ಅದನ್ನು ಅಂಟಿನಿಂದಲೇ ತುಂಬಿಸಲು ಹೋದರೆ, ಆ ದಪ್ಪ ಪದರ ಗಟ್ಟಿಯಾಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಸ್ಕ್ರೂ ಬಿಗಿದಿದ್ದರಂತೂ ಹೊರಗಿನಿಂದ ಜೋಡಣೆ ಅಚ್ಚುಕಟ್ಟಾಗಿಯೇ ಕಾಣುತ್ತದೆ.

1944ರ ಫೆಬ್ರುವರಿಯಲ್ಲಿ ನಮ್ಮ ಯಲಹಂಕದಲ್ಲೇ ಮಸ್ಕಿಟೊ ತರಬೇತಿ ಘಟಕ ಶುರುವಾಯಿತು. ಬರ್ಮಾ ರಂಗಕ್ಕೆ ಹೋಗುವ ಪೈಲಟ್‌ಗಳು ಇಲ್ಲಿ ಕೈ ಪಳಗಿಸಿಕೊಂಡರು. ಆ ವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ವಿಮಾನಗಳು ಗಾಳಿಯಲ್ಲೇ ಮುರಿದು ಬೀಳತೊಡಗಿದವು. ನವೆಂಬರಿನಲ್ಲಿ ಹಾರಾಟ ನಿಲ್ಲಿಸಿ ತಪಾಸಣೆಗೆ ಇಳಿದರು. ರೆಕ್ಕೆಯ ಮೇಲ್ಹೊದಿಕೆ ತೊಲೆಯಿಂದ ಎದ್ದು ಬಂದಿತ್ತು.

ಕಂಪನಿಯ ಪರವಾಗಿ ಬಂದ ಮೇಜರ್ ಹಿಯರ್‌ವರ್ಡ್ ಡಿ ಹ್ಯಾವಿಲೆಂಡ್ ತಂಡ ಡಿಸೆಂಬರಿನಲ್ಲಿ ವರದಿ ಕೊಟ್ಟಿತು: ಅಂಟು ಕೆಟ್ಟಿಲ್ಲ, ಹವೆಗೆ ಮರ ಕುಗ್ಗಿದೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಮಳೆಗಾಲದಲ್ಲಿ ಮನೆ ಬಾಗಿಲು ಬಿಗಿಯಾಗಿ ಬೇಸಗೆಯಲ್ಲಿ ಸಡಿಲವಾಗುವ ಹಾಗೆ, ಮರ ಎಳೆಗೆ ಅಡ್ಡವಾಗಿ ಹಿಗ್ಗಿ ಕುಗ್ಗುತ್ತದೆ, ಎಳೆಯುದ್ದಕ್ಕೆ ಬಹುತೇಕ ಅಲುಗುವುದೇ ಇಲ್ಲ. ಅಡ್ಡಎಳೆಯ ಪ್ಲೈ ಒಂದು ರೀತಿ, ದಪ್ಪ ಸ್ಪ್ರೂಸ್ ಇನ್ನೊಂದು ರೀತಿ ಕುಗ್ಗಿದರೆ ಜಗ್ಗಾಟವೆಲ್ಲ ನಡುವಿನ ಅಂಟಿನ ಮೇಲೆ. ಆದರೆ ಬಳಿಕ ನಡೆದ ಬೇರೆ ತನಿಖೆಗಳಲ್ಲಿ ಮಳೆಯನ್ನೂ ಗೆದ್ದಲನ್ನೂ ಕಾಣದ ವಿಮಾನಗಳನ್ನು ಇಂಗ್ಲೆಂಡಿನಲ್ಲೇ ಬಿಚ್ಚಿ ನೋಡಿದಾಗ ಅದೇ ದೋಷ ಸಿಕ್ಕಿತು. ಹ್ಯಾಟ್‌ಫೀಲ್ಡ್ ಮತ್ತು ಲೀವ್ಸ್‌ಡೆನ್ ಕಾರ್ಖಾನೆಗಳಲ್ಲಿ ಅಂಟಿಸುವ ಕೆಲಸ ಕಳಪೆಯಾಗಿತ್ತು. ವಿಮಾನದ ಮೇಲಿನ ನಂಬಿಕೆ ಕುಸಿಯದಿರಲೆಂದು ಬ್ರಿಟನ್ನಿನ ವಾಯು ಸಚಿವಾಲಯ ಮಾತ್ರ ಹವಾಮಾನದ ಕಥೆಗೇ ಜೋತುಬಿತ್ತು. ಹೀಗಾಗಿಯೇ ‘ಉಷ್ಣವಲಯದಲ್ಲಿ ಮರ ನಿಲ್ಲದು’ ಎಂಬ ಮಾತು ಇಂದಿಗೂ ಓಡಾಡುತ್ತದೆ. ನಿಲ್ಲದೇ ಹೋದದ್ದು ಎಡೆ ಬಿಟ್ಟ ಜೋಡಣೆ. ಮಳೆ ಅದನ್ನು ಬೇಗ ಬಯಲಿಗೆಳೆಯಿತು.

ಪರಿಹಾರ ಸರಳವಾಗಿತ್ತು. ರೆಕ್ಕೆಯ ಉದ್ದಕ್ಕೂ ಹೊದಿಕೆಗಳು ಕೂಡುವ ಸಂದಿನ ಮೇಲೆ ಪ್ಲೈವುಡ್ ಪಟ್ಟಿಯೊಂದನ್ನು ಅಂಟಿಸಿ, ನೀರು ಒಳಗಿಳಿಯುವ ದಾರಿ ಮುಚ್ಚಿದರು.

2012ರಲ್ಲಿ ನ್ಯೂಜಿಲೆಂಡಿನ ಆರ್ಡ್‌ಮೋರ್‌ನಲ್ಲಿ ಕೆನಡಾದ ಹಳೆಯ ಮಸ್ಕಿಟೊ ಒಂದನ್ನು ಮತ್ತೆ ಹಾರಿಸಿದರು. ಕೈಗೆ ಬಂದ ಹಳೆಯ ಲೋಹದ ಭಾಗಗಳನ್ನು ತೊಳೆದು, ಪರೀಕ್ಷಿಸಿ ಬಳಸಿದರು. ಮರದ ಒಡಲು ಮತ್ತು ರೆಕ್ಕೆಯನ್ನು ಮಾತ್ರ ಹೊಸದಾಗಿಯೇ ಕಟ್ಟಿದರು, ಎಪಾಕ್ಸಿ ಅಂಟು ಹಾಕಿ.