ಪಹಣಿ ಬೆಂಕಿ ಹಚ್ಚಲು ಪರವಾನಗಿಯಲ್ಲ

ಶಿವರಾತ್ರಿ ಹತ್ತಿರವಾದಂತೆ ಮಲೆನಾಡಿನ ತಾಲ್ಲೂಕು ನ್ಯಾಯಾಲಯಗಳಿಗೆ ಒಂದು ಬಗೆಯ ಕಕ್ಷಿದಾರರು ಬರತೊಡಗುತ್ತಾರೆ. ಬೇಣದ, ಎಂದರೆ ಹುಲ್ಲುಗಾವಲಿನ, ಒಣಹುಲ್ಲಿಗೋ ತೋಟದಂಚಿನ ತರಗೆಲೆಗೋ ಬೆಂಕಿ ಕೊಟ್ಟಿರುತ್ತಾರೆ. ಅದು ಅಗಳ (ಗಡಿಯ ಕಂದಕ) ದಾಟಿ ಕಾಡಿಗೆ ಹೋಗಿರುತ್ತದೆ, ಅರಣ್ಯ ಇಲಾಖೆಯವರು ಪ್ರಕರಣ ದಾಖಲಿಸಿರುತ್ತಾರೆ. ನನ್ನ ವಕೀಲಿ ಕಚೇರಿಗೆ ಬಂದು ಕುಳಿತವರು ಮೊದಲು ಮೇಜಿನ ಮೇಲಿಡುವುದು ಪಹಣಿಯನ್ನು. ‘ಸರ್ವೆ ನಂಬರು ನನ್ನದೇ, ನನ್ನ ಜಾಗದಲ್ಲಿ ನಾನು ಬೆಂಕಿ ಹಾಕಿದರೆ ಇವರಿಗೇನು?’

ಎಷ್ಟು ವಿದ್ಯಾವಂತರು, ಎಷ್ಟು ಒಳ್ಳೆಯ ಕೃಷಿಕರು ಈ ಮಾತು ಹೇಳುತ್ತಾರೆಂದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಪಹಣಿ ಹೇಳುವುದು ಜಮೀನು ಯಾರ ಹೆಸರಿನಲ್ಲಿದೆ, ಏನು ಬೆಳೆ ಇದೆ ಎಂಬುದನ್ನು. ಬೆಂಕಿಯ ಪ್ರಕರಣದಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆಯ 24ನೇ ಕಲಮು ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದನ್ನಷ್ಟೇ ಅಪರಾಧವೆನ್ನುವುದಿಲ್ಲ. ಆ ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಉರಿಯಬಿಟ್ಟು ಹೋಗುವುದನ್ನೂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನಲ್ಲಿ ಮನುಷ್ಯರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗಾದರೂ ಸುಟ್ಟಗಾಯ ಆಗಿರಲೇಬೇಕೆಂದಿಲ್ಲ. ‘ಬೇಕೆಂದು ಮಾಡಿದ್ದಲ್ಲ’ ಎಂಬುದೂ ಅಲ್ಲಿ ಉತ್ತರವಾಗುವುದಿಲ್ಲ, ನಿರ್ಲಕ್ಷ್ಯವೆಂದರೆ ಅದೇ ತಾನೆ. ಪಕ್ಕದವರ ಅಡಿಕೆ ಸಸಿಯೋ ಹನಿ ನೀರಾವರಿ ಪೈಪೋ ಸುಟ್ಟಿದ್ದರೆ ಪರಿಹಾರದ ಸಿವಿಲ್ ದಾವೆ ಬೇರೆ.

ನಿಜ ಹೇಳಬೇಕೆಂದರೆ ಪಹಣಿ ಇಂಥವರಿಗೆ ಎದುರು ಸಾಕ್ಷಿಯಾಗುತ್ತದೆ. ಕಿಡಿ ಎಲ್ಲಿಂದ ಹೊರಟಿತು ಎಂದು ಇಲಾಖೆ ತೋರಿಸಬೇಕಾಗಿರುವಾಗ, ‘ಆ ಜಾಗ ನನ್ನದು, ಹಚ್ಚಿದವನೂ ನಾನೇ’ ಎಂದು ಬರೆದುಕೊಟ್ಟಂತೆ!

ಇನ್ನು ಸೊಪ್ಪಿನಬೆಟ್ಟ, ಎಂದರೆ ಕೃಷಿಕರು ತೋಟಕ್ಕೆ ಸೊಪ್ಪು ತರುವ ಕಾಡು. ಅದನ್ನು ಸ್ವಂತ ಆಸ್ತಿ ಎಂದುಕೊಂಡವರು ಬಹಳ. ಅದು ಸರ್ಕಾರಿ ಭೂಮಿ. ನಿಮಗಿರುವುದು ಸೊಪ್ಪು, ದರಕು (ಒಣ ತರಗೆಲೆ) ತರುವ ಸವಲತ್ತು. ಅಂಥ ಸವಲತ್ತು ಅನುಭವಿಸುವವರು ಕಾಡಿಗೆ ಬೆಂಕಿ ಬಿದ್ದಾಗ ಸುದ್ದಿ ಮುಟ್ಟಿಸಿ, ಆರಿಸಲು ನೆರವಾಗಬೇಕಾದ ಹೊಣೆಯನ್ನೂ ಕಾಯಿದೆ ಹೊರಿಸಿದೆ.

ಹಾಗಾದರೆ ಪರವಾನಗಿ ಎಲ್ಲಿ ಸಿಗುತ್ತದೆ? ಪಟ್ಟಣದ ಕಸಕ್ಕಾದರೆ ಎಲ್ಲಿಯೂ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿಯೇ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000, ದೊಡ್ಡ ಪ್ರಮಾಣದ್ದಾದರೆ 25,000 ರೂಪಾಯಿಯನ್ನು ಸುಟ್ಟವರು ತೆರಬೇಕಾದ ಪರಿಸರ ಪರಿಹಾರವೆಂದು ಗೊತ್ತುಪಡಿಸಿದೆ. ಕಾಡಂಚಿನ ಜಮೀನಿನವರಿಗೆ ನಾನು ಹೇಳುವುದು, ಮೊದಲು ವಲಯ ಅರಣ್ಯ ಕಚೇರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ, ಬೇಡವೆಂದರೆ ಹಚ್ಚಬೇಡಿ. ಆ ಸ್ವೀಕೃತಿಯೂ ರಕ್ಷಾಕವಚವಲ್ಲ. ನೀವು ಎಚ್ಚರ ವಹಿಸಿದ್ದೀರಿ ಎನ್ನಲು ಒಂದು ಆಧಾರ, ಅಷ್ಟೆ. ಅರಣ್ಯ ಯಾವ ವರ್ಗದ್ದು, ಅಧಿಸೂಚನೆ ಏನಿದೆ ಎಂಬುದರ ಮೇಲೆ ಕಲಮುಗಳು ಬದಲಾಗುತ್ತವೆ. ಕಾಗದ ನೋಡದೆ ಯಾವ ವಕೀಲರೂ ಖಚಿತವಾಗಿ ಹೇಳಬಾರದು.

ಪಾಲಿನ ದಾವೆಗೆಂದು ಬರುತ್ತಿದ್ದ ಒಬ್ಬ ಅಜ್ಜಿ ಇದ್ದರು. ಅವರಿಗೆ ಯಾವ ಕಲಮೂ ಗೊತ್ತಿರಲಿಲ್ಲ. ಆದರೆ ಬೇಣ ಸುಡುವ ಮುನ್ನ ಫಾರೆಸ್ಟ್ ಗಾರ್ಡ್‌ಗೂ ಆಚೀಚೆ ಮನೆಯವರಿಗೂ ಹೇಳಿಕಳಿಸುತ್ತಿದ್ದರು. ಸುತ್ತ ನೆಲ ಕಾಣುವಂತೆ ಕೆರೆಸಿ, ಇಬ್ಬನಿ ಪೂರ್ತಿ ಆರುವ ಮೊದಲೇ, ಇಳಿಜಾರಿನ ಮೇಲಂಚಿನಿಂದ ಬೆಂಕಿ ಕೊಡಿಸುತ್ತಿದ್ದರು. ಬೆಂಕಿ ಏರಿಗೆ ಓಡುತ್ತದೆ, ಇಳಿಜಾರಿಗೆ ತೆವಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಸಿ ಸೊಪ್ಪಿನ ಗೊಂಚಲು ಹಿಡಿದ ಆಳುಗಳು ಕೊನೆಯ ಹೊಗೆ ಅಡಗುವವರೆಗೆ ಊಟಕ್ಕೂ ಕದಲುವಂತಿರಲಿಲ್ಲ. ಇಂಥವರನ್ನು ಕಂಡರೆ ನನಗೆ ಎಲ್ಲಿಲ್ಲದ ಗೌರವ. ನಡು ಮಧ್ಯಾಹ್ನ ಕಡ್ಡಿ ಗೀರಿ ಊಟಕ್ಕೆ ಹೋದವರ ಪರ ವಾದಿಸುವಾಗ ಹೇಳಲು ನನ್ನ ಬಳಿ ಏನೂ ಇರುವುದಿಲ್ಲ.

ಬೆಂಕಿ ಕೈಮೀರಿದರೆ, ಹೆಸರು ಬರುತ್ತದೆಂದು ಮನೆ ಸೇರಬೇಡಿ. 112ಕ್ಕೆ, ವಲಯ ಕಚೇರಿಗೆ, ಪಕ್ಕದ ಮನೆಗೆ ಕೂಡಲೇ ಕರೆ ಮಾಡಿ, ಆರಿಸುವವರ ಜೊತೆ ನಿಲ್ಲಿ. ಎಷ್ಟು ಗಂಟೆಗೆ ಕರೆ ಮಾಡಿದಿರಿ ಎಂಬುದು ಮೊಬೈಲಿನಲ್ಲಿ ದಾಖಲಾಗಿರುತ್ತದೆ. ಅದನ್ನು ಅಳಿಸದೆ ತನ್ನಿ. ಪಹಣಿಗಿಂತ ಮೊದಲು ನಾನು ನೋಡಬೇಕಾದದ್ದು ಅದನ್ನು.