‘ಇದೂ ಮೆದುಳಿನ ಕಾಯಿಲೆಯೇ’ ಎಂದರೆ ಕಳಂಕ ಹೋಗುತ್ತದೆಯೇ?

ಪ್ರಶ್ನೆ: ಮಾನಸಿಕ ಕಾಯಿಲೆಯೂ ಸಕ್ಕರೆ ಕಾಯಿಲೆಯ ಹಾಗೆಯೇ, ಮೆದುಳಿನ ಏರುಪೇರಿನಿಂದ ಬರುತ್ತದೆ ಎಂದು ಬಿಡಿಸಿ ಹೇಳಿದರೆ ಜನ ಬದಲಾಗುವುದಿಲ್ಲವೇ?

ಉತ್ತರ: ಅರ್ಧ ಬದಲಾಗುತ್ತಾರೆ. ಬದಲಾಗದ ಅರ್ಧವೇ ಹೆಚ್ಚು ನೋಯಿಸುವಂಥದ್ದು.

ಅಮೆರಿಕದಲ್ಲಿ 1996ರಲ್ಲಿ ನಡೆದ ಸಮೀಕ್ಷೆಯೊಂದನ್ನು 2006ರಲ್ಲಿ ಮತ್ತೆ ಮಾಡಿದರು. ಕಾಯಿಲೆಯ ಹೆಸರೆತ್ತದೆ, ಲಕ್ಷಣಗಳಿರುವ ಒಬ್ಬರ ಚಿತ್ರಣವನ್ನು ಕೆಲವೇ ಸಾಲಿನಲ್ಲಿ ಮುಂದಿಟ್ಟು ಕೇಳಿದರು: ಇವರು ಪಕ್ಕದ ಮನೆಗೆ ಬಂದರೆ ಆದೀತೇ? ಒಟ್ಟಿಗೆ ಕೆಲಸ ಮಾಡುತ್ತೀರಾ? ನಿಮ್ಮ ಕುಟುಂಬಕ್ಕೆ ಮದುವೆಯಾಗಿ ಬಂದರೆ? ಇದು ಸಾಮಾಜಿಕ ಅಂತರದ ಅಳತೆ. ಖಿನ್ನತೆಗೆ ಮೆದುಳಿನ ತೊಂದರೆ ಕಾರಣ ಎನ್ನುವವರು ಶೇ 54ರಿಂದ 67ಕ್ಕೆ ಏರಿದ್ದರು. ಚಿಕಿತ್ಸೆ ಬೇಕು ಎನ್ನುವವರೂ ಹೆಚ್ಚಿದ್ದರು. ಅಂತರ ಮಾತ್ರ ಇದ್ದಷ್ಟೇ ಇತ್ತು.

ಯಾಕೆ ಹೀಗೆ? ‘ಮೆದುಳಿನ ದೋಷ’ ಎಂದಾಗ ಕೇಳುವವರಿಗೆ ಮೊದಲು ‘ಪಾಪ, ಅವರ ತಪ್ಪಲ್ಲ’ ಅನ್ನಿಸುತ್ತದೆ. ಅದರ ಬೆನ್ನಿಗೇ ‘ಹಾಗಾದರೆ ಅವರ ಕೈಯಲ್ಲಿ ಏನೂ ಇಲ್ಲ, ಯಾವಾಗ ಏನು ಮಾಡುತ್ತಾರೋ, ಇದು ವಾಸಿಯಾಗುವುದೂ ಇಲ್ಲ’ ಎಂಬುದೂ ಬರುತ್ತದೆ. ದೂಷಣೆ ಇಳಿದರೂ ಭಯ ಉಳಿಯುತ್ತದೆ, ಕೆಲವೊಮ್ಮೆ ಏರುತ್ತದೆ. ‘ಹಾಗೆಲ್ಲ ಅನ್ನಬಾರದು’ ಎಂದು ಗದರುವುದರಿಂದಲೂ ಹೆಚ್ಚೇನೂ ಆಗದು.

ಹೆಚ್ಚು ಫಲ ಕೊಟ್ಟಿರುವುದು ಕಾಯಿಲೆಯನ್ನು ಸ್ವತಃ ಅನುಭವಿಸಿದವರೊಂದಿಗೆ ಮುಖಾಮುಖಿ ಭೇಟಿ. ಅಮೆರಿಕದ ಮನಃಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು 2012ರಲ್ಲಿ 72 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಕರಲ್ಲಿ ಉಪನ್ಯಾಸಕ್ಕಿಂತ ಭೇಟಿಯೇ ಮೇಲಾಗಿತ್ತು. ವಿಡಿಯೊಗಿಂತ ಎದುರಾಎದುರು ಕೂತದ್ದು ಮೇಲು. ಹದಿಹರೆಯದವರಲ್ಲಿ ಮಾತ್ರ ಪಾಠವೇ ಮುಂದು. ಹಾಗಾಗಿ ಶಾಲೆಗೂ ಕಚೇರಿಗೂ ಒಂದೇ ಕಾರ್ಯಕ್ರಮ ಹೊಂದುವುದಿಲ್ಲ.

ಭೇಟಿ ಕೆಡುವುದು ಹೆಚ್ಚಾಗಿ ಮಾತಾಡುವವರ ಆಯ್ಕೆಯಲ್ಲಿ. ಅಸಾಮಾನ್ಯ ಸಾಧಕರನ್ನು ಕರೆತಂದರೆ ಕೇಳುಗರು ‘ಇವರು ಬಿಡಿ, ಬೇರೆಯೇ’ ಎಂದು ಪಕ್ಕಕ್ಕಿಟ್ಟು ಹಳೆಯ ನಂಬಿಕೆಯನ್ನೇ ಇಟ್ಟುಕೊಳ್ಳುತ್ತಾರೆ. ಸಂಕಟದ ವರ್ಣನೆಯೇ ತುಂಬಿದ್ದರೆ ಹುಟ್ಟುವುದು ಕನಿಕರ. ಕೇಳುಗರದೇ ವೃತ್ತಿಯಲ್ಲಿದ್ದು, ಮಾತ್ರೆ ನುಂಗುತ್ತ, ಕೆಲವು ದಿನ ಸೋಲುತ್ತ, ಕೆಲಸ ನಡೆಸಿಕೊಂಡು ಹೋಗುವವರು ಬೇಕು. ಅಂಥವರು ವೇದಿಕೆ ಮೇಲೆ ‘ಉದಾಹರಣೆ’ಯಾಗಿ ನಿಲ್ಲುವ ಬದಲು ಸಮಾನರಾಗಿ ಒಟ್ಟಿಗೆ ಏನಾದರೂ ಮಾಡುವಂತಿರಲಿ. ಭೇಟಿಯಿಂದ ಪೂರ್ವಗ್ರಹ ಕರಗಬೇಕಾದರೆ ಏನಿರಬೇಕು ಎಂದು ಮನಃಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ ಷರತ್ತುಗಳೂ ಇವೇ: ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಮೇಲಿನವರ ಬೆಂಬಲ. ಒಂದೇ ಭೇಟಿಯ ಪರಿಣಾಮ ಬೇಗ ಮಾಸಬಹುದು. ಮರುಭೇಟಿಯ ದಿನವನ್ನು ಮೊದಲೇ ಗೊತ್ತುಮಾಡಿ.

ಕಾರ್ಯಕ್ರಮದ ಫಲ ಅಳೆಯುವಾಗ ‘ಮಾಹಿತಿ ಸಿಕ್ಕಿತೇ’ ಎಂದು ಕೇಳಬೇಡಿ, ಸಿಕ್ಕಿರುತ್ತದೆ. ನೆರೆಮನೆ, ಸಹೋದ್ಯೋಗಿ, ಮದುವೆಯ ಪ್ರಶ್ನೆಗಳನ್ನೇ ಭೇಟಿಗೆ ಮೊದಲೊಮ್ಮೆ, ಕೆಲವು ವಾರಗಳ ನಂತರ ಇನ್ನೊಮ್ಮೆ ಕೇಳಿ, ಹೆಸರು ಬರೆಸದೆ. ಕಾರ್ಯಕ್ರಮ ಮುಗಿದ ಐದೇ ನಿಮಿಷಕ್ಕೆ ತುಂಬಿಸಿಕೊಂಡ ಹಾಳೆಯಲ್ಲಿ ಸಿಗುವುದು ಹೆಚ್ಚಾಗಿ ಸಭಾಮರ್ಯಾದೆ.